ಟರ್ಬೊ ಗಾಡಿಯ ಮೈಲೇಜ್ ಎಲ್ಲಿಗೆ ಹೋಗುತ್ತದೆ?

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಒಂದು ಗ್ರಂಥಾಲಯದಲ್ಲಿ ಭಾನುವಾರ ಸಂಜೆ ಮಾತಾಡಿದ್ದರ ಬರಹ ರೂಪ. ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಗ್ರಂಥಾಲಯದವರು ನನಗೆ ಕೊಟ್ಟ ವಿಷಯ ನೇರವಾಗಿದೆ. ಈಗ ಬರುವ ಸಣ್ಣ ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ಪಿಕಪ್ಪೂ ಇದೆ, ಮೈಲೇಜೂ ಇದೆ ಅಂತ ಶೋರೂಮಿನಲ್ಲಿ ಹೇಳುತ್ತಾರೆ. ತೆಗೆದುಕೊಂಡವರಲ್ಲಿ ಕೆಲವರು ಹೌದು ಅನ್ನುತ್ತಾರೆ. ಇನ್ನು ಕೆಲವರು "ಪೆಟ್ರೋಲ್ ಕುಡಿಯುವ ಗಾಡಿ" ಅಂತ ಬೈಯುತ್ತಾರೆ. ಗಾಡಿ ಒಂದೇ, ಎಂಜಿನ್ ಒಂದೇ. ಹಾಗಾದರೆ ಯಾರ ಮಾತು ಸರಿ?

ಇಬ್ಬರದ್ದೂ ಸರಿ. ಯಾಕೆ ಅಂತ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬಿಡಿಸುತ್ತಾ ಹೋಗೋಣ. ಈ ಗಾಡಿಗಳಲ್ಲಿ ಮೈಲೇಜ್ ಬರುವುದು ಎಂಜಿನ್ ಸಣ್ಣದಾಗಿರುವುದರಿಂದ. ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ, ಕೊಡುವುದು ಶಕ್ತಿಯನ್ನು ಮಾತ್ರ, ಅದೂ ಬಿಟ್ಟಿಯಾಗಿ ಅಲ್ಲ. ಎರಡೂ ಒಂದೇ ಗಾಡಿಯಲ್ಲಿ ಇವೆ ನಿಜ, ಆದರೆ ಎರಡೂ ಒಂದೇ ಹೊತ್ತಿನಲ್ಲಿ ಸಿಗುವುದಿಲ್ಲ. ಯಾವುದು ಯಾವಾಗ ಬೇಕು ಅಂತ ತೀರ್ಮಾನ ಮಾಡುವುದು ನಿಮ್ಮ ಬಲಗಾಲು.

ಒಂದು ಕಾರು ರಸ್ತೆಯಲ್ಲಿ ಓಡಲು ನಿಜಕ್ಕೂ ಎಷ್ಟು ಶಕ್ತಿ ಬೇಕು? ತಲಪಾಡಿಯಿಂದ ಚೆಂಗಳದವರೆಗಿನ ಹೊಸ ಆರು ಪಥದ ಹೆದ್ದಾರಿಯನ್ನೇ ತೆಗೆದುಕೊಳ್ಳೋಣ. ಸುಮಾರು 1,150 ಕಿಲೋ ತೂಕದ ಕಾರು ಅಲ್ಲಿ ಸಮತಟ್ಟಿನಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ. ಟಯರಿನ ಎಳೆತ, ಗಾಳಿಯ ತಡೆ ಎರಡನ್ನೂ ಕೂಡಿಸಿ ಲೆಕ್ಕ ಹಾಕಿದರೆ ಚಕ್ರಕ್ಕೆ ಬೇಕಾದ್ದು ಹೆಚ್ಚುಕಡಿಮೆ 8 ಕಿಲೋವ್ಯಾಟ್. ಅಂದರೆ 11 ಎಚ್‌ಪಿ. ಬಾನೆಟ್ಟಿನ ಕೆಳಗೆ 100, 120 ಎಚ್‌ಪಿ ಇಟ್ಟುಕೊಂಡು ನಾವು ಬಳಸುತ್ತಿರುವುದು ಅಷ್ಟೇ! 100ರ ವೇಗಕ್ಕೆ ಸುಮಾರು 18 ಎಚ್‌ಪಿ ಸಾಕು. 120ಕ್ಕೆ ಹೋದರೆ 28 ಬೇಕು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅದನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ವೇಗ ಒಂದೂವರೆ ಪಟ್ಟಾದರೆ ಶಕ್ತಿ ಎರಡೂವರೆ ಪಟ್ಟು ದಾಟುತ್ತದೆ.

ಪೆಟ್ರೋಲ್ ಎಂಜಿನ್ನಿಗೆ ಇಂಥ ಹಗುರ ಕೆಲಸ ಕೊಟ್ಟರೆ ಅದು ಚೆನ್ನಾಗಿ ದುಡಿಯುವುದಿಲ್ಲ. ಕಾರಣ ಥ್ರಾಟಲ್. ಪೆಟ್ರೋಲ್ ಎಂಜಿನ್ನಿನಲ್ಲಿ ಶಕ್ತಿ ಕಡಿಮೆ ಮಾಡಬೇಕಾದರೆ ಒಳಗೆ ಹೋಗುವ ಗಾಳಿಯನ್ನೇ ತಡೆಯಬೇಕು. ದಾರಿಯಲ್ಲಿರುವ ಒಂದು ತಟ್ಟೆಯಂಥ ಬಾಗಿಲನ್ನು ಮುಚ್ಚಿಯೇ ಅದನ್ನು ಮಾಡುವುದು. ಆಗ ಪಿಸ್ಟನ್ ಪ್ರತಿ ಸಲ ಕೆಳಗೆ ಬರುವಾಗಲೂ ಮುಚ್ಚಿದ ದಾರಿಯಿಂದ ಗಾಳಿ ಎಳೆಯಲು ಒದ್ದಾಡುತ್ತದೆ. ಮೂಗು ಅರ್ಧ ಮುಚ್ಚಿಕೊಂಡು ನಡೆದ ಹಾಗೆ. ಆ ಒದ್ದಾಟಕ್ಕೂ ಪೆಟ್ರೋಲ್ ಬೇಕು. ಇದಕ್ಕೆ ಪಂಪಿಂಗ್ ನಷ್ಟ ಅನ್ನುತ್ತಾರೆ. ಒಳ್ಳೆಯ ಹೊರೆ ಇರುವಾಗ ಪೆಟ್ರೋಲಿನಲ್ಲಿರುವ ಶಕ್ತಿಯ ಮೂರರಲ್ಲಿ ಒಂದು ಪಾಲನ್ನು ಕೆಲಸವಾಗಿ ಕೊಡುವ ಎಂಜಿನ್, ತೀರಾ ಹಗುರ ಹೊರೆಯಲ್ಲಿ ಐದರಲ್ಲಿ ಒಂದು ಪಾಲು ಕೊಡುವುದೂ ಕಷ್ಟ.

ಈಗ ಯೋಚಿಸಿ. 11 ಎಚ್‌ಪಿ ಕೆಲಸವನ್ನು 2 ಲೀಟರಿನ ದೊಡ್ಡ ಎಂಜಿನ್ನಿಗೆ ಕೊಟ್ಟರೆ ಅದರ ಬಾಗಿಲು ಬಹುಪಾಲು ಮುಚ್ಚಿಯೇ ಇರಬೇಕು. ಅದೇ ಕೆಲಸವನ್ನು 1 ಲೀಟರಿನ ಎಂಜಿನ್ನಿಗೆ ಕೊಟ್ಟರೆ ಬಾಗಿಲು ಇನ್ನಷ್ಟು ತೆರೆದಿರುತ್ತದೆ, ಒದ್ದಾಟ ಕಡಿಮೆ. ನಾಲ್ಕರ ಬದಲು ಮೂರು ಸಿಲಿಂಡರ್ ಇದ್ದರೆ ಉಜ್ಜಾಟವೂ ಕಡಿಮೆ. ಉಳಿತಾಯ ಬರುವುದು ಇಲ್ಲಿಂದ. ಇದರಲ್ಲಿ ಟರ್ಬೊದ ಪಾಲು ಏನೂ ಇಲ್ಲ.

ಆದರೆ ಸಣ್ಣ ಎಂಜಿನ್ ಮಾತ್ರ ಹಾಕಿ ಬಿಟ್ಟರೆ ನಮ್ಮ ಊರಿನಲ್ಲಿ ಏನಾಗುತ್ತದೆ? ಐದು ಜನ ಕೂತು, ಡಿಕ್ಕಿಯಲ್ಲಿ ಒಂದು ಅಡಿಕೆ ಗೋಣಿ ಹಾಕಿ, ಎಸಿ ಹಾಕಿಕೊಂಡು ಚಡಾವು ಹತ್ತುವಾಗ ಗಾಡಿ ಅಳುತ್ತದೆ. ಟರ್ಬೊ ಬರುವುದು ಆ ಹೊತ್ತಿಗೆ.

ಟರ್ಬೊ ಅಂದರೆ ಒಂದೇ ಕಂಬಿಯ ಎರಡು ತುದಿಯಲ್ಲಿರುವ ಎರಡು ಚಕ್ರ, ಎರಡೂ ಅಂಗೈಗಿಂತ ಚಿಕ್ಕವು. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆ ಒಂದನ್ನು ತಿರುಗಿಸುತ್ತದೆ. ಇನ್ನೊಂದು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಸಣ್ಣ ಕಾರುಗಳಲ್ಲಿ ಇದು ನಿಮಿಷಕ್ಕೆ 2 ಲಕ್ಷ ಸುತ್ತು ದಾಟುವುದೂ ಉಂಟು. ಒತ್ತಿದ ಗಾಳಿ ಬಿಸಿಯಾಗುತ್ತದೆ, ಬಿಸಿ ಗಾಳಿ ಹಗುರ. ಹಾಗಾಗಿ ಅದನ್ನು ಇಂಟರ್‌ಕೂಲರಿನಲ್ಲಿ ತಣಿಸುತ್ತಾರೆ. 10 ಡಿಗ್ರಿ ತಣಿಸಿದರೆ ಅದೇ ಜಾಗದಲ್ಲಿ ಸುಮಾರು ನೂರಕ್ಕೆ 3ರಷ್ಟು ಹೆಚ್ಚು ಗಾಳಿ ಹಿಡಿಸುತ್ತದೆ.

ಹೊಗೆಯಲ್ಲಿ ಸುಮ್ನೆ ಹಾಳಾಗುವ ಶಕ್ತಿಯನ್ನು ತಾನೇ ಬಳಸುವುದು, ಮತ್ತೇನು ಖರ್ಚು ಅಂತ ಕೇಳಬಹುದು. ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಹೊಗೆಯ ಜೊತೆ ಹೋಗುವುದು ನಿಜ. ಆದರೆ ಹೊಗೆಯ ದಾರಿಗೆ ಚಕ್ರ ಅಡ್ಡ ಇಟ್ಟರೆ ಪಿಸ್ಟನ್ ಅದನ್ನು ಇನ್ನಷ್ಟು ಒತ್ತಿ ಹೊರಗೆ ತಳ್ಳಬೇಕು. ಅದಕ್ಕಿಂತ ದೊಡ್ಡ ವಿಷಯ, ಒಳಗೆ ಬಂದ ಹೆಚ್ಚುವರಿ ಗಾಳಿಗೆ ಹೆಚ್ಚುವರಿ ಪೆಟ್ರೋಲ್ ಬೇಕೇ ಬೇಕು. 1 ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಅನ್ನುವ ಲೆಕ್ಕವನ್ನು ಟರ್ಬೊ ಬದಲಿಸುವುದಿಲ್ಲ. 1 ಲೀಟರಿನ ಎಂಜಿನ್ನಿಗೆ ಒಂದೂವರೆ ಲೀಟರಿನ ಗಾಳಿ ತುಂಬಿದರೆ ಅದು ಒಂದೂವರೆ ಲೀಟರಿನ ಎಂಜಿನ್ನಿನಂತೆಯೇ ಕುಡಿಯುತ್ತದೆ. ಕೆಲವೊಮ್ಮೆ ಅದಕ್ಕಿಂತಲೂ ಜಾಸ್ತಿ ಕುಡಿಯುತ್ತದೆ.

ಈ "ಅದಕ್ಕಿಂತಲೂ ಜಾಸ್ತಿ" ಎಲ್ಲಿಂದ ಬರುತ್ತದೆ ಅಂತ ತಿಳಿಯಲು ಸ್ವಲ್ಪ ಚರಿತ್ರೆಗೆ ಹೋಗಬೇಕು. ಹೊಗೆಯಿಂದ ಗಾಳಿ ತುಂಬಿಸುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಶಿ ಪೇಟೆಂಟ್ ಪಡೆದದ್ದು 1905ರಲ್ಲಿ. ಮೊದಲು ಇದು ಹಡಗಿನ ಡೀಸೆಲ್ ಎಂಜಿನ್ನುಗಳಿಗೆ, ಎತ್ತರದಲ್ಲಿ ಹಾರುವ ವಿಮಾನಗಳಿಗೆ ಹೋಯಿತು. ಜನ ಕೊಳ್ಳುವ ಪೆಟ್ರೋಲ್ ಕಾರಿಗೆ ಬಂದದ್ದು 1962ರಲ್ಲಿ, ಅಮೆರಿಕದಲ್ಲಿ. ಅದರಲ್ಲೊಂದು ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್. ಟರ್ಬೊ ಇದ್ದರೂ ಅದರ ಕಂಪ್ರೆಶನ್ ಅನುಪಾತ, ಅಂದರೆ ಪಿಸ್ಟನ್ ಒಳಗಿನ ಗಾಳಿಯನ್ನು ಎಷ್ಟು ಪಟ್ಟು ಕುಗ್ಗಿಸುತ್ತದೆ ಅನ್ನುವ ಲೆಕ್ಕ, 10.25 ಇತ್ತು, ಆ ಕಾಲಕ್ಕೆ ತುಂಬ ಜಾಸ್ತಿ. ಒತ್ತಿದ ಗಾಳಿ, ಅದರ ಮೇಲೆ ಪಿಸ್ಟನ್ನಿನ ಒತ್ತಡ. ಪೆಟ್ರೋಲ್ ಹೊತ್ತಿಗೆ ಮುಂಚೆ ತಾನಾಗಿಯೇ ಸಿಡಿಯುತ್ತದೆ. ನಮ್ಮ ಮೆಕ್ಯಾನಿಕ್‌ಗಳು ನಾಕಿಂಗ್ ಅನ್ನುವುದು ಇದಕ್ಕೆ. ಅದನ್ನು ತಡೆಯಲು ಆ ಕಾರಿನಲ್ಲಿ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಸಿಂಪಡಿಸುವ ಬೇರೆ ಟ್ಯಾಂಕೇ ಇತ್ತು. ಮಾಲೀಕರಲ್ಲಿ ಬಹಳ ಜನ ಅದನ್ನು ತುಂಬಿಸುತ್ತಿರಲಿಲ್ಲ. ಕಾರು ಎರಡು ವರ್ಷದಲ್ಲಿ ನಿಂತಿತು.

1970ರ ದಶಕದ ಎಣ್ಣೆ ಬಿಕ್ಕಟ್ಟಿನ ನಂತರ ಸ್ವೀಡನ್ನಿನ ಸಾಬ್ ಕಂಪನಿ ಬೇರೆ ದಾರಿ ಹಿಡಿಯಿತು. ಅವರ 99 ಟರ್ಬೊದಲ್ಲಿ ವೇಸ್ಟ್‌ಗೇಟ್ ಅನ್ನುವ ಸಣ್ಣ ಬಾಗಿಲು ಇಟ್ಟು, ಬೇಕಾದ ಒತ್ತಡ ಬಂದ ಮೇಲೆ ಹೊಗೆಯನ್ನು ಪಕ್ಕದಿಂದ ಬಿಟ್ಟುಬಿಡುತ್ತಿದ್ದರು. ಗರಿಷ್ಠ ಶಕ್ತಿಯ ಆಸೆ ಬಿಟ್ಟು, ದಿನನಿತ್ಯ ಓಡಿಸುವ ಕಡಿಮೆ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಎಳೆತ ಸಿಗಬೇಕು ಅನ್ನುವುದು ಅವರ ಯೋಚನೆ. ಇವತ್ತಿನ ನಮ್ಮ ಸಣ್ಣ ಟರ್ಬೊಗಳೆಲ್ಲ ಆ ಯೋಚನೆಯ ಮಕ್ಕಳೇ. ನನಗೆ ಜೆಟ್‌ಫೈರ್‌ಗಿಂತ ಸಾಬ್ ಎಂಜಿನಿಯರುಗಳ ಮೇಲೆ ಗೌರವ ಜಾಸ್ತಿ. ಬಳಸುವ ಮನುಷ್ಯ ಯಾರು ಅಂತ ಅವರು ಮೊದಲು ನೋಡಿದರು.

ನಾಕಿಂಗ್ ಸಮಸ್ಯೆ ಮಾತ್ರ ಇವತ್ತಿಗೂ ಹೋಗಿಲ್ಲ. ಅದಕ್ಕೆ ಮೂರು ಮದ್ದುಗಳಿವೆ, ಮೂರಕ್ಕೂ ಪಥ್ಯ ಇದೆ. ಕಂಪ್ರೆಶನ್ ಇಳಿಸಬಹುದು, ಆದರೆ ಹಗುರವಾಗಿ ಓಡಿಸುವಾಗಲೂ ಸ್ವಲ್ಪ ಮೈಲೇಜ್ ಹೋಗುತ್ತದೆ. ಕಿಡಿ ಹೊತ್ತಿಸುವುದನ್ನು ತಡ ಮಾಡಬಹುದು. ಆಗ ಶಕ್ತಿ ಪಿಸ್ಟನ್ನಿಗೆ ಸಿಗದೆ ಹೊಗೆಯಲ್ಲಿ ಬಿಸಿಯಾಗಿ ಹೊರಗೆ ಹೋಗುತ್ತದೆ. ಸಿಲಿಂಡರಿನ ಒಳಗೇ ನೇರವಾಗಿ ಪೆಟ್ರೋಲ್ ಸಿಂಪಡಿಸಿ ತಂಪು ಮಾಡಬಹುದು. ಇದು ಒಳ್ಳೆಯ ಮದ್ದು, ಆದರೆ ಪಂಪು, ಇಂಜೆಕ್ಟರ್ ದುಬಾರಿ.

ಪೂರ್ತಿ ಒತ್ತಿ ಓಡಿಸುವಾಗ ಇನ್ನೊಂದು ತೊಂದರೆ ಬರುತ್ತದೆ. ಪೆಟ್ರೋಲ್ ಎಂಜಿನ್ನಿನ ಹೊಗೆ 950 ಡಿಗ್ರಿ ದಾಟಬಹುದು. ಟರ್ಬೊದ ಚಕ್ರ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಅದಕ್ಕಿಂತ ಹೆಚ್ಚು ಬಿಸಿ ಬಹಳ ಹೊತ್ತು ತಡೆಯುವುದಿಲ್ಲ. ಆಗ ಎಂಜಿನ್ನಿನ ಕಂಪ್ಯೂಟರ್ ಏನು ಮಾಡುತ್ತದೆ ಗೊತ್ತಾ? ಉರಿಯಲು ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಹಾಕುತ್ತದೆ. 14.7ರ ಬದಲು 12ಕ್ಕೆ 1ರಂತೆ ಹಾಕಿದರೆ ನೂರಕ್ಕೆ 20ಕ್ಕಿಂತ ಜಾಸ್ತಿ ಪೆಟ್ರೋಲ್ ಹೆಚ್ಚುವರಿಯಾಗಿ ಹೋಗುತ್ತದೆ. ಅದರ ಬಹುಪಾಲಿನ ಕೆಲಸ ಹೊಗೆಯನ್ನು ತಣಿಸುವುದು, ಅಷ್ಟೇ. ನೀವು ಕೊಟ್ಟ ದುಡ್ಡು ಕೂಲಂಟ್ ಆಗಿ ಹೋಯಿತು! "ಟರ್ಬೊ ಗಾಡಿ ಕುಡಿಯುತ್ತದೆ" ಅನ್ನುವವರ ಅನುಭವ ಹೆಚ್ಚಾಗಿ ಇದು. ಹೊಸ ವಿನ್ಯಾಸಗಳಲ್ಲಿ ಹೊಗೆಯ ಕೊಳವೆಯನ್ನು ಸಿಲಿಂಡರ್ ಹೆಡ್ಡಿನ ಒಳಗೇ ಎರಕ ಹೊಯ್ದು, ಸುತ್ತ ನೀರು ಹರಿಸಿ ಬಿಸಿ ಇಳಿಸುತ್ತಾರೆ. ಫೋರ್ಡಿನ 1 ಲೀಟರ್ ಇಕೋಬೂಸ್ಟ್ ಹಾಗೆ ಮಾಡಿದ್ದು. 2012ರಿಂದ ಸತತ ಮೂರು ವರ್ಷ ವರ್ಷದ ಅಂತರರಾಷ್ಟ್ರೀಯ ಎಂಜಿನ್ ಪ್ರಶಸ್ತಿ ಅದಕ್ಕೆ ಬಂತು.

ಸರಿ, ಈಗ ನಮ್ಮ ಗುಡ್ಡೆಗಳಿಗೆ ಬರೋಣ. ಚೆರ್ಕಳದಿಂದ ಮುಳ್ಳೇರಿಯ ದಾರಿಯಾಗಿ ಜಾಲ್ಸೂರಿಗೆ ಹೋಗಿ, ಇಲ್ಲವೇ ಪೆರ್ಲ, ಅಡ್ಕಸ್ಥಳ ದಾಟಿ ವಿಟ್ಲಕ್ಕೆ ಹೋಗಿ. ಸಮತಟ್ಟು ಅನ್ನುವುದು ಎಷ್ಟು ಸಿಗುತ್ತದೆ? ಮುರಕಲ್ಲಿನ ಗುಡ್ಡೆ ಹತ್ತು, ತೋಟದ ಬಯಲಿಗೆ ಇಳಿ, ತಿರುವು, ಮತ್ತೆ ಹತ್ತು. ಜನ, ಸಾಮಾನು ಎಲ್ಲ ಸೇರಿ 1,500 ಕಿಲೋ ಆದ ಕಾರು, ಹತ್ತು ಮೀಟರಿಗೆ ಒಂದು ಮೀಟರ್ ಏರುವ ಚಡಾವನ್ನು 40ರ ವೇಗದಲ್ಲಿ ಹತ್ತಲು ಸುಮಾರು 19 ಕಿಲೋವ್ಯಾಟ್ ಬೇಕು. ಅಂದರೆ 25 ಎಚ್‌ಪಿ. ಹೆದ್ದಾರಿಯಲ್ಲಿ 80ರಲ್ಲಿ ಹೋಗುವುದರ ಎರಡು ಪಟ್ಟಿಗಿಂತ ಜಾಸ್ತಿ!

ಇಲ್ಲಿ ಟರ್ಬೊದ ನಿಜವಾದ ಗುಣ ಕಾಣುತ್ತದೆ. ಒಂದೇ ಕಾರಿನಲ್ಲಿ ಎರಡೂ ಬಗೆಯ ಎಂಜಿನ್ ಸಿಗುವ ಮಾರುತಿ ಫ್ರಾಂಕ್ಸ್ ನೋಡಿ. ಟರ್ಬೊ ಇಲ್ಲದ 1,197 ಸಿಸಿ ಎಂಜಿನ್ನಿನ ಗರಿಷ್ಠ ಟಾರ್ಕ್ (ತಿರುಗಿಸುವ ಬಲ) 113 ನ್ಯೂಟನ್ ಮೀಟರ್, ಅದು ಸಿಗುವುದು 4,400 ಆರ್‌ಪಿಎಂನಲ್ಲಿ. 998 ಸಿಸಿಯ ಟರ್ಬೊ ಎಂಜಿನ್ನಿನದ್ದು 147.6, ಅದು 2,000ದಿಂದಲೇ ಸಿಗುತ್ತದೆ. 2,000 ಆರ್‌ಪಿಎಂನಲ್ಲಿ 147.6 ಅಂದರೆ ಸುಮಾರು 31 ಕಿಲೋವ್ಯಾಟ್. ಚಡಾವಿಗೆ ಬೇಕಾದ 19ಕ್ಕೆ ಧಾರಾಳ ಸಾಕು. ಅಷ್ಟೇ 31 ಕಿಲೋವ್ಯಾಟನ್ನು ಇನ್ನೊಂದು ಎಂಜಿನ್ನಿನಿಂದ ತೆಗೆಯಲು, ಪೂರ್ತಿ 113 ಕೆಳಗಿನಿಂದಲೇ ಸಿಕ್ಕಿತು ಅಂದುಕೊಂಡರೂ, 2,600 ದಾಟಿಸಬೇಕು. ನಿಜದಲ್ಲಿ ಇನ್ನೂ ಮೇಲೆ ಹೋಗಬೇಕು, ಗೇರ್ ಇಳಿಸಬೇಕು. ಅಂದರೆ ನಮ್ಮ ಏರುಗಳಲ್ಲಿ ಟರ್ಬೊ ಗಾಡಿಯನ್ನು ಮೇಲಿನ ಗೇರಿನಲ್ಲಿ, ಕಡಿಮೆ ಸುತ್ತಿನಲ್ಲಿ, ಸದ್ದಿಲ್ಲದೆ ಹತ್ತಿಸಬಹುದು. ಹಾಗೆ ಹತ್ತಿಸಿದರೆ ಎಂಜಿನ್ ಒಳ್ಳೆಯ ಹೊರೆಯಲ್ಲಿ ಇರುತ್ತದೆ, ಬಿಸಿ ಮಿತಿಯಲ್ಲಿ ಇರುತ್ತದೆ, ಹೆಚ್ಚುವರಿ ಪೆಟ್ರೋಲ್ ಹಾಕುವ ಪ್ರಸಂಗ ಬರುವುದಿಲ್ಲ. ಟರ್ಬೊ ಪರೋಕ್ಷವಾಗಿ ಉಳಿಸುವುದು ಹೀಗೆ.

ಕಂಪನಿ ಹೇಳುವ ಮೈಲೇಜಿನಲ್ಲಿ ಈ ಎರಡು ಫ್ರಾಂಕ್ಸ್‌ಗಳಿಗೆ ದೊಡ್ಡ ವ್ಯತ್ಯಾಸ ಇಲ್ಲ. ಮ್ಯಾನುಯಲ್ ಗೇರಿನಲ್ಲಿ ಟರ್ಬೊಗೆ 21.5, ಇನ್ನೊಂದಕ್ಕೆ 21.79. ರಸ್ತೆಯಲ್ಲಿ ವ್ಯತ್ಯಾಸ ಯಾಕೆ ಬೆಳೆಯುತ್ತದೆ? ಆ ಸಂಖ್ಯೆ ಬರುವುದು ಪ್ರಯೋಗಾಲಯದ ರೋಲರ್ ಮೇಲೆ, ಗೊತ್ತುಮಾಡಿದ ಒಂದು ಓಟದಿಂದ. ಅದರ ಗರಿಷ್ಠ ವೇಗ 90. ಎಕ್ಸಲರೇಟರ್ ಒತ್ತುವುದೂ ತುಂಬ ಮೆತ್ತಗೆ. ಅಲ್ಲಿ ಚಡಾವಿಲ್ಲ, ಹಿಂದಿನಿಂದ ಹಾರ್ನ್ ಹೊಡೆಯುವ ಬಸ್ಸಿಲ್ಲ. ಟರ್ಬೊಗೆ ಕೆಲಸವೇ ಕಡಿಮೆ. ಸಣ್ಣ ಎಂಜಿನ್ನಿನ ಉಳಿತಾಯ ಪೂರ್ತಿ ಲೆಕ್ಕಕ್ಕೆ ಬರುತ್ತದೆ, ಟರ್ಬೊದ ಖರ್ಚು ಲೆಕ್ಕಕ್ಕೆ ಬರುವುದೇ ಇಲ್ಲ. ಇದನ್ನು ಕೊಳ್ಳುವವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ, ಅದು ನನಗೆ ನಿಜಕ್ಕೂ ಬೇಸರದ ವಿಷಯ.

ನೂರು ಮೀಟರ್ ಎತ್ತರ ಹತ್ತುವುದಕ್ಕೆ ಮಾತ್ರ, 1,500 ಕಿಲೋ ಗಾಡಿಗೆ, ಸುಮಾರು 150 ಮಿಲಿಲೀಟರ್ ಪೆಟ್ರೋಲ್ ಬೇಕು. ಟರ್ಬೊ ಇರಲಿ, ಇಲ್ಲದಿರಲಿ. ಇಳಿಯುವಾಗ ಗೇರಿನಲ್ಲಿ ಇಟ್ಟುಕೊಂಡು ಕಾಲು ತೆಗೆದರೆ ಇಂಜೆಕ್ಟರ್ ಪೆಟ್ರೋಲ್ ನಿಲ್ಲಿಸುತ್ತದೆ, ಸ್ವಲ್ಪ ವಾಪಸ್ ಸಿಗುತ್ತದೆ. ನ್ಯೂಟ್ರಲ್ ಮಾಡಿ ಇಳಿಸುವವರಿಗೆ ಅದೂ ಇಲ್ಲ, ಬ್ರೇಕಿಗೂ ಅಪಾಯ. ದಯವಿಟ್ಟು ಹಾಗೆ ಮಾಡಬೇಡಿ.

ಓಡಿಸುವ ರೀತಿ ಹೇಳಬೇಕಾದರೆ, 1,800ರಿಂದ 2,500 ಆರ್‌ಪಿಎಂ ನಡುವೆ ಟರ್ಬೊ ಗಾಡಿ ಅತ್ಯಂತ ಸಂತೋಷವಾಗಿರುತ್ತದೆ. ಏರು ಬರುವ ಮೊದಲೇ ಗೇರ್ ಇಳಿಸಿ 2,000ದ ಹತ್ತಿರ ಹಿಡಿದುಕೊಳ್ಳಿ, ಕಾಲು ನಿಧಾನವಾಗಿ ಒತ್ತಿ. 4,500 ದಾಟಿಸಿ ಎಳೆಯುವ ಅಗತ್ಯ ಓವರ್‌ಟೇಕ್ ಬಿಟ್ಟರೆ ಎಲ್ಲಿದೆ? ಹಾಗಂತ ಮೈಲೇಜಿನ ಆಸೆಗೆ 1,200ರಲ್ಲಿ ಮೇಲಿನ ಗೇರ್ ಹಾಕಿ ಪೂರ್ತಿ ಒತ್ತುವುದೂ ತಪ್ಪು. ನೇರ ಇಂಜೆಕ್ಷನ್ನಿನ ಟರ್ಬೊಗಳಲ್ಲಿ ಕಡಿಮೆ ಸುತ್ತು, ಹೆಚ್ಚು ಹೊರೆ ಸೇರಿದರೆ ಕಿಡಿಗೆ ಮೊದಲೇ ಸಿಡಿಯುವ ಒಂದು ವಿಚಿತ್ರ ತೊಂದರೆ ಇದೆ. ಪಿಸ್ಟನ್ ಒಡೆಯುವಷ್ಟು ಜೋರು ಅದು. ಎಂಜಿನ್ ಆಯಿಲಿನಲ್ಲಿರುವ ಕ್ಯಾಲ್ಸಿಯಂ ಅಂಶವೂ ಅದಕ್ಕೆ ಕಾರಣ ಅಂತ ಗೊತ್ತಾದ ಮೇಲೆ ಎಣ್ಣೆಯ ದರ್ಜೆಯನ್ನೇ ಬದಲಿಸಿದರು. ಹಾಗೆ ಬಂದದ್ದು ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಕೊಡುವ ದರ್ಜೆಗಳಲ್ಲಿ 2018ರ ಎಸ್‌ಎನ್ ಪ್ಲಸ್, 2020ರ ಎಸ್‌ಪಿ. ಮ್ಯಾನುಯಲ್ ಪುಸ್ತಕದಲ್ಲಿ ಬರೆದ ದರ್ಜೆಯನ್ನೇ ಕೇಳಿ ಹಾಕಿಸಿ.

ಮಾತು ಮುಗಿದ ಮೇಲೆ ಮೊದಲ ಪ್ರಶ್ನೆ ಜೀಪು ಓಡಿಸಿದ ಹಿರಿಯರೊಬ್ಬರಿಂದ ಬಂತು. "ಅಲ್ಲ ಮಾಷ್ಟ್ರೇ, ಡೀಸೆಲಿಗೂ ಟರ್ಬೊ ಇತ್ತಲ್ವಾ? ನಮ್ಮ ಸ್ವಿಫ್ಟ್ ಡೀಸೆಲ್ ಎಷ್ಟು ಒತ್ತಿದರೂ ಮೈಲೇಜ್ ಕೊಡುತ್ತಿತ್ತು."

ಹೌದು, ಅವರ ಮಾತು ನಿಜ. ಡೀಸೆಲಿನಲ್ಲಿ ಗಾಳಿ ತಡೆದು ಶಕ್ತಿ ಇಳಿಸುವ ಪದ್ಧತಿ ಇಲ್ಲ, ಇಳಿಸುವುದು ಡೀಸೆಲನ್ನೇ. ಗಾಳಿ ಯಾವಾಗಲೂ ಜಾಸ್ತಿ ಇರುತ್ತದೆ. ತಾನಾಗಿ ಹೊತ್ತಿಕೊಳ್ಳುವುದು ಅದರ ಸ್ವಭಾವವೇ ಆದ್ದರಿಂದ ಪೆಟ್ರೋಲಿನಂಥ ನಾಕಿಂಗ್ ಭಯವಿಲ್ಲ. ತಣಿಸಲು ಹೆಚ್ಚುವರಿ ಇಂಧನ ಸುರಿಯುವುದೂ ಇಲ್ಲ. ಸ್ವಿಫ್ಟಿನಲ್ಲಿ ಇದ್ದದ್ದು ಫಿಯಟ್‌ನ 1,248 ಸಿಸಿ ಮಲ್ಟಿಜೆಟ್. 75 ಎಚ್‌ಪಿ ಅಷ್ಟೇ, ಆದರೆ 2,000 ಆರ್‌ಪಿಎಂನಲ್ಲಿ 190 ನ್ಯೂಟನ್ ಮೀಟರ್. ನಮ್ಮ ಗುಡ್ಡೆಗಳಿಗೆ ಅದಕ್ಕಿಂತ ಹೇಳಿಮಾಡಿಸಿದ ಸಣ್ಣ ಎಂಜಿನ್ ಬಂದಿಲ್ಲ ಅಂತಲೇ ನನ್ನ ಅಭಿಪ್ರಾಯ. 2020ರ ಏಪ್ರಿಲಿನಲ್ಲಿ ಬಿಎಸ್ 6 ನಿಯಮ ಬಂದಾಗ ಮಾರುತಿ ಡೀಸೆಲನ್ನೇ ನಿಲ್ಲಿಸಿತು. ಹೊಗೆ ಶುದ್ಧ ಮಾಡುವ ಸಲಕರಣೆ ಸೇರಿಸಿದರೆ ಸಣ್ಣ ಕಾರಿನ ಬೆಲೆಗೆ ಹೊಂದುತ್ತಿರಲಿಲ್ಲ. ಆ ಜಾಗಕ್ಕೆ ಸಣ್ಣ ಟರ್ಬೊ ಪೆಟ್ರೋಲ್ ಬಂತು. ಡೀಸೆಲಿನ ಎಳೆತ ಅದರಲ್ಲಿದೆ, ಡೀಸೆಲಿನ ಜಿಪುಣತನ ಇಲ್ಲ.

ಕಂಪನಿಗಳು ಯಾಕೆ 1,200 ಸಿಸಿಯೊಳಗೇ ನಿಲ್ಲಿಸುತ್ತವೆ ಅಂತ ಇನ್ನೊಬ್ಬರು ಕೇಳಿದರು. ತೆರಿಗೆಗಾಗಿ. 2006ರ ಬಜೆಟಿನಿಂದಲೂ 4 ಮೀಟರಿನೊಳಗಿನ ಉದ್ದ, 1,200 ಸಿಸಿಯೊಳಗಿನ ಪೆಟ್ರೋಲ್ ಎಂಜಿನ್ ಇದ್ದರೆ ಸುಂಕ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ಅಂಥ ಕಾರಿಗೆ ಜಿಎಸ್‌ಟಿ ನೂರಕ್ಕೆ 18, ಆ ಮಿತಿ ದಾಟಿದರೆ 40. ಇಷ್ಟು ವ್ಯತ್ಯಾಸ ಇರುವಾಗ ದೊಡ್ಡ ಎಂಜಿನ್ನಿನ ಶಕ್ತಿಯನ್ನು ಸಣ್ಣದರಿಂದ ತೆಗೆಯುವುದು ಬಿಟ್ಟು ಅವರಿಗೆ ಬೇರೆ ದಾರಿ ಇಲ್ಲ.

ಗಡಿ ದಾಟಿ ಕರ್ನಾಟಕದ ಬಂಕಿನಲ್ಲಿ ಪೆಟ್ರೋಲ್ ತುಂಬಿಸುವ ಹುಡುಗನೊಬ್ಬ ಶೇಕಡಾ 20 ಎಥನಾಲ್ ಇರುವ ಪೆಟ್ರೋಲಿನ ಬಗ್ಗೆ ಕೇಳಿದ. ಲೀಟರ್ ಲೆಕ್ಕದಲ್ಲಿ ಎಥನಾಲಿನ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು. ಹಾಗಾಗಿ 20ರಷ್ಟು ಬೆರೆಸಿದರೆ ಲೀಟರಿಗೆ ನೂರಕ್ಕೆ 7ರಷ್ಟು ಶಕ್ತಿ ಕಡಿಮೆಯಾಗುತ್ತದೆ. ಆದರೆ ಎಥನಾಲಿನ ಆಕ್ಟೇನ್, ಅಂದರೆ ತಾನಾಗಿ ಸಿಡಿಯದೆ ತಡೆದುಕೊಳ್ಳುವ ಗುಣ, ಜಾಸ್ತಿ, ಆವಿಯಾಗುವಾಗ ತಂಪೂ ಮಾಡುತ್ತದೆ. ನಾಕಿಂಗ್ ತಡೆಯುವುದರಲ್ಲಿ ಅದು ಟರ್ಬೊದ ಗೆಳೆಯ. ಅದಕ್ಕೆಂದೇ ಹೊಂದಿಸಿದ ಎಂಜಿನ್ ಆದರೆ ಒತ್ತಿ ಓಡಿಸುವಾಗ ನಷ್ಟದ ಒಂದು ಪಾಲು ತುಂಬಿಬರುತ್ತದೆ. ಹಳೆಯ ಗಾಡಿಗೆ ಆ ಲಾಭ ಅಷ್ಟಾಗಿ ಸಿಗದು. ಅದರ ರಬ್ಬರ್ ಪೈಪು, ಸೀಲುಗಳನ್ನೂ ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು.

ಕೊನೆಗೆ ಒಬ್ಬರು, ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್ ತೆಗೆದುಕೊಳ್ಳುವುದಾದರೆ ಏನು ನೋಡಬೇಕು ಅಂದರು. ಮೊದಲು ಆಯಿಲ್ ಬದಲಿಸಿದ ಬಿಲ್ಲುಗಳನ್ನು ಕೇಳಿ. ಟರ್ಬೊದ ಕಂಬಿ ನಿಂತಿರುವುದು ಆಯಿಲಿನ ಪದರದ ಮೇಲೆ, ಆಯಿಲ್ ತಪ್ಪಿದರೆ ಮೊದಲು ಹೋಗುವುದು ಅದೇ. ಇಂಟರ್‌ಕೂಲರಿನ ಪೈಪು ಬಿಚ್ಚಿಸಿ ಒಳಗೆ ಆಯಿಲ್ ನಿಂತಿದೆಯಾ ನೋಡಿ. ಗಾಡಿಯನ್ನು ಬಯಲಿನಲ್ಲಿ ಓಡಿಸಿ ನೋಡಿದರೆ ಏನೂ ಗೊತ್ತಾಗದು. ನಾಲ್ಕು ಜನ ಕೂತು ಒಂದು ದೊಡ್ಡ ಚಡಾವು ಹತ್ತಿಸಿ. 2,000 ಆರ್‌ಪಿಎಂ ಹತ್ತಿರ ಎಳೆತ ಒಂದೇ ಸಮ ಬರಬೇಕು. ಮಧ್ಯೆ ತಡವರಿಸಿದರೆ, ಸಿಳ್ಳೆ ಜೋರಾಗಿ ಎಳೆತ ಕಡಿಮೆಯಾದರೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದರೆ ಬಿಡಿ, ಬೇರೆ ಗಾಡಿ ನೋಡಿ. ಹತ್ತಿ ಮುಗಿದ ಕೂಡಲೇ ಕೀಲಿ ತಿರುಗಿಸಿ ಬಂದ್ ಮಾಡಬೇಡಿ. ಒಂದು ನಿಮಿಷ ಐಡಲ್‌ನಲ್ಲಿ ಬಿಡಿ, ಕಾದ ಟರ್ಬೊದೊಳಗೆ ಆಯಿಲ್ ನಿಂತು ಕರಿಯಾಗದೆ ತಣಿಯಲಿ. ಆ ನಿಮಿಷದಲ್ಲಿ ಮಾರುವವರು ಅವಸರ ಮಾಡುತ್ತಾರಾ, ಅಥವಾ ಅವರೇ ನಿಮಗೆ ಹಾಗೆ ಮಾಡಲು ಹೇಳುತ್ತಾರಾ ಅಂತಲೂ ಗಮನಿಸಿ. ಗಾಡಿಯನ್ನು ಇಷ್ಟು ವರ್ಷ ಹೇಗೆ ಇಟ್ಟುಕೊಂಡಿದ್ದರು ಅಂತ ಅದರಲ್ಲೇ ಸಾಕಷ್ಟು ಗೊತ್ತಾಗುತ್ತದೆ.